‘ಯಾವ ಟೆಸ್ಟ್ ಹಾಕಲಿ?’ ಅಂತ ಕೇಳುವ ಮುಂಚೆ

ಫೆಬ್ರವರಿ ಬಂತು ಅಂದರೆ ಸಾಕು, ಮಹಾರಾಷ್ಟ್ರ, ಗೋವಾದಲ್ಲಿ ಕಾಲೇಜಿನ ಪ್ರಾಜೆಕ್ಟ್ ಮಾಡುತ್ತಿರುವ ಕನ್ನಡದ ವಿದ್ಯಾರ್ಥಿಗಳ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ‘120 ಜನರಿಂದ ಗೂಗಲ್ ಫಾರ್ಮ್ ತುಂಬಿಸಿದ್ದೇನೆ, ಈಗ ಯಾವ ಟೆಸ್ಟ್ ಹಾಕಲಿ?’ ಕೇಳುವವರಲ್ಲಿ ಒಬ್ಬರು ಡೊಂಬಿವಲಿಯ ಎಂ.ಕಾಂ. ವಿದ್ಯಾರ್ಥಿ, ಇನ್ನೊಬ್ಬರು ಪುಣೆಯಲ್ಲಿ ನರ್ಸಿಂಗ್ ಓದುವವರು, ಮತ್ತೊಬ್ಬರು ಗೋವಾದ ವಾಸ್ಕೋದಲ್ಲಿ ಬಿ.ಎಡ್. ಮುಗಿಸುತ್ತಿರುವವರು. ವಿಷಯ ಬೇರೆ, ಕಾಲೇಜು ಬೇರೆ, ಗೈಡ್ ಬೇರೆ. ಸಿಕ್ಕಿಕೊಂಡ ಜಾಗ ಮಾತ್ರ ಒಂದೇ.

ಟೆಸ್ಟ್ ಅಂದರೆ ಅಂಕಿಗಳಲ್ಲಿ ಕಾಣುವ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡುವ ಲೆಕ್ಕ. ಅದನ್ನು ಆರಿಸೋದು ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ. ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏನನ್ನು ಅಳೆಯಬೇಕು, ಯಾವುದನ್ನು ಯಾವುದರ ಜೊತೆ ಹೋಲಿಸಬೇಕು ಅಂತ ಫೀಲ್ಡಿಗೆ ಇಳಿಯುವ ಮುಂಚೆ ತೀರ್ಮಾನ ಮಾಡಿದ್ದರೆ ಟೆಸ್ಟ್ ತಾನಾಗಿಯೇ ಗೊತ್ತಾಗುತ್ತದೆ. ಮಾಡಿರದಿದ್ದರೆ ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಬಲ್ಲ ಯಾರನ್ನು ಹಿಡಿದರೂ ಪ್ರಯೋಜನ ಇಲ್ಲ, ದುಡ್ಡು ಕೊಟ್ಟರೂ ಅಷ್ಟೇ. ಹಾಗಾಗಿ ಈ ಬರಹ ಕೊನೆಯಿಂದಲ್ಲ, ಮೊದಲಿನಿಂದ ಶುರುವಾಗುತ್ತದೆ.

‘ನಮ್ಮದು ಕಾಮರ್ಸ್, ನರ್ಸಿಂಗ್‌ನವರ ವಿಧಾನ ನಮಗೆ ಹೊಂದುತ್ತಾ?’ ಅನ್ನೋದು ಎರಡನೇ ಪ್ರಶ್ನೆ. ಹೊಂದುತ್ತದೆ. ಎರಡು ಗುಂಪಿನ ಸರಾಸರಿ ಹೋಲಿಸಲು ಇವತ್ತು ಎಲ್ಲರೂ ಹಾಕುವ ಟಿ-ಟೆಸ್ಟ್ ಹುಟ್ಟಿದ್ದು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಅದನ್ನು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮೂರು ಅಥವಾ ಜಾಸ್ತಿ ಗುಂಪುಗಳನ್ನು ಹೋಲಿಸುವ ಅನೋವಾ ಬಂದಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದ ಹೊಲಗಳಿಂದ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋಗಿದ್ದು ಸುಡಾನಿನಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು. ಲೆಕ್ಕದ ವಿಧಾನಕ್ಕೆ ಜಾತಿ ಇಲ್ಲ. ಅಳತೆ ಮಾತ್ರ ಪ್ರತಿ ವಿಷಯಕ್ಕೂ ಬೇರೆ, ಅಲ್ಲೇ ಜನ ಎಡವೋದು.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ಎಕ್ಸೆಲ್, ಮತ್ತು ಜಮೋವಿ ಅಥವಾ ಜಾಸ್ಪ್ ಅನ್ನುವ ಉಚಿತ ಸಾಫ್ಟ್‌ವೇರ್‌ಗಳಲ್ಲಿ ಒಂದು. ಎರಡೂ ಮೌಸ್ ಒತ್ತಿ ಕೆಲಸ ಮಾಡುವಂಥವು. ಕೋಡ್ ಬರೆಯಲು ಬೇಸರವಿಲ್ಲದವರು ‘ಆರ್’ ಕಲಿಯಬಹುದು, ಅದೂ ಉಚಿತ. ಕದ್ದ ಎಸ್‌ಪಿಎಸ್‌ಎಸ್ ಹಾಕಿಕೊಂಡು ಲ್ಯಾಪ್‌ಟಾಪಿಗೆ ವೈರಸ್ ತರಿಸಿಕೊಳ್ಳುವ ಅಗತ್ಯ ಈಗ ಖಂಡಿತ ಇಲ್ಲ.

1. ಪ್ರಶ್ನೆಯನ್ನು ಎಣಿಸಲು ಬರುವ ಹಾಗೆ ಬರೆಯಿರಿ

‘ಮುಂಬಯಿಯ ಹೋಟೆಲ್ ಕಾರ್ಮಿಕರ ಸಮಸ್ಯೆಗಳ ಅಧ್ಯಯನ’ ಅನ್ನೋದು ಶೀರ್ಷಿಕೆ, ಪ್ರಶ್ನೆ ಅಲ್ಲ. ಇದರಿಂದ ಏನನ್ನೂ ಎಣಿಸಲು ಆಗೋದಿಲ್ಲ. ‘ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ನಿಂತು ಕೆಲಸ ಮಾಡುವವರಿಗೆ, ಅದಕ್ಕಿಂತ ಕಡಿಮೆ ನಿಲ್ಲುವವರಿಗಿಂತ ಕಾಲುನೋವು ಹೆಚ್ಚಾ?’ ಅಂತ ಬರೆದರೆ ಅದು ಪ್ರಶ್ನೆ. ಇದರಲ್ಲಿ ಎರಡು ವೇರಿಯೇಬಲ್ ಇವೆ. ವೇರಿಯೇಬಲ್ ಅಂದರೆ ಒಬ್ಬರಿಂದ ಒಬ್ಬರಿಗೆ ಬದಲಾಗುವ, ನೀವು ದಾಖಲಿಸಿಕೊಳ್ಳುವ ಸಂಗತಿ. ಇಲ್ಲಿ ನಿಲ್ಲುವ ಗಂಟೆ ಒಂದು, ಕಾಲುನೋವು ಇನ್ನೊಂದು.

ಹೈಪಾಥಿಸಿಸ್ ಅಂದರೆ ನಿಮ್ಮ ಊಹೆ. ತಪ್ಪಾದರೆ ತಪ್ಪು ಅಂತ ಗೊತ್ತಾಗುವ ಹಾಗಿರಬೇಕು. ‘ಕಾರ್ಮಿಕರ ಕಲ್ಯಾಣಕ್ಕೆ ಸರ್ಕಾರ ಗಮನ ಕೊಡಬೇಕು’ ಅನ್ನೋದು ಬೇಡಿಕೆ, ಅದನ್ನು ಯಾವ ಟೆಸ್ಟೂ ಸಾಬೀತು ಮಾಡೋದಿಲ್ಲ. ಪ್ರಾಜೆಕ್ಟಿನ ಶುರುವಿನಲ್ಲಿ ಬರೆದು ಕೊಡುವ ಸಿನಾಪ್ಸಿಸ್‌ಗಳಲ್ಲಿ ಇಂಥ ಸಾಲುಗಳೇ ತುಂಬಿರುತ್ತವೆ.

ಇನ್ನೂ ಒಂದು ಮಾತು. ನಿಮ್ಮ ಪ್ರಶ್ನೆ ‘ಯಾಕೆ’, ‘ಅವರಿಗೆ ಹೇಗನಿಸುತ್ತದೆ’ ಅಂತ ಶುರುವಾಗುತ್ತಿದ್ದರೆ ನಿಮಗೆ ಬೇಕಾಗಿರೋದು ಬಹುಶಃ ಸಂದರ್ಶನ, ಅಂದರೆ ಗುಣಾತ್ಮಕ ಸಂಶೋಧನೆ. ಅದನ್ನೇ ಮಾಡಿ. ಅಂಕಿ ಇದ್ದರೆ ಮಾತ್ರ ಮರ್ಯಾದೆ ಅಂದುಕೊಂಡು ಒಳ್ಳೆಯ ವಿಷಯವನ್ನು ಪೈ ಚಾರ್ಟಿಗೆ ಬಲಿಕೊಡಬೇಡಿ.

2. ಒಂದು ಸಾಲು ಅಂದರೆ ಏನು?

ಎಕ್ಸೆಲ್ ಶೀಟಿನಲ್ಲಿ ಒಂದು ಅಡ್ಡಸಾಲು ಯಾರದ್ದು? ಒಬ್ಬ ವ್ಯಕ್ತಿಯದಾ, ಒಂದು ಮನೆಯದಾ, ಒಂದು ಹೋಟೆಲಿನದಾ, ಒಂದು ಶಾಲೆಯದಾ, ಒಂದು ವಾಕ್ಯದ್ದಾ? ಇದನ್ನು ವಿಶ್ಲೇಷಣೆಯ ಘಟಕ ಅನ್ನುತ್ತಾರೆ. ಈ ಹಂತ ಚಿಕ್ಕದು, ಆದರೆ ಇದನ್ನು ಹಾರಿದವರೇ ಮುಂದೆ ಜಾಸ್ತಿ ಒದ್ದಾಡುತ್ತಾರೆ.

‘ಮನೆ’ ಅನ್ನೋದನ್ನೇ ತೆಗೆದುಕೊಳ್ಳಿ. ಜನಗಣತಿಯವರು ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಅಂತ ಹಿಡಿಯುತ್ತಾರೆ. ಘಾಟ್‌ಕೋಪರಿನ ಚಾಳಿನಲ್ಲಿ ಅಣ್ಣ ತಮ್ಮ ಒಂದೇ ಖೋಲಿಯಲ್ಲಿ (ಕೋಣೆಯಲ್ಲಿ) ಇದ್ದು ಎರಡು ಸ್ಟವ್ ಇದ್ದರೆ ಅದು ಎರಡು. ಹೋಟೆಲಿನ ಮಾಳಿಗೆಯಲ್ಲಿ ಮಲಗಿ ಹೋಟೆಲಿನಲ್ಲೇ ಊಟ ಮಾಡುವ ಹುಡುಗರು? ಸಂಬಂಧ ಇಲ್ಲದವರು ಮೆಸ್, ಹಾಸ್ಟೆಲಿನಂಥ ಜಾಗದಲ್ಲಿ ಒಟ್ಟಿಗೆ ಉಣ್ಣುತ್ತಿದ್ದರೆ ಜನಗಣತಿ ಅದನ್ನು ಸಂಸ್ಥಾ ಕುಟುಂಬ ಅಂತ ಬೇರೆಯೇ ಲೆಕ್ಕ ಹಾಕುತ್ತದೆ. ನೀವು ‘ಕುಟುಂಬದ ಆದಾಯ’ ಕೇಳಲು ಹೋದರೆ ಈ ಹುಡುಗರು ಊರಿನ ಮನೆಯ ಲೆಕ್ಕ ಹೇಳಬೇಕಾ, ಇಲ್ಲಿಯದಾ? ಮೊದಲೇ ಬರೆದಿಟ್ಟುಕೊಳ್ಳಿ.

ಶಿಕ್ಷಣದವರಿಗೆ ಒಂದು ಎಚ್ಚರಿಕೆ. ಎರಡು ಶಾಲೆಗಳಿಂದ ಮೂವತ್ತು ಮೂವತ್ತು ಮಕ್ಕಳನ್ನು ತೆಗೆದುಕೊಂಡು ಹೊಸ ಪಾಠಕ್ರಮವನ್ನು ಹೋಲಿಸುತ್ತೀರಿ ಅಂದುಕೊಳ್ಳಿ. 60 ಮಕ್ಕಳಿದ್ದಾರೆ ಅಂತ ನಿಮಗೆ ಅನಿಸುತ್ತದೆ. ನಿಜವಾಗಿ ಅಲ್ಲಿರೋದು ಎರಡು ಶಾಲೆ, ಇಬ್ಬರು ಟೀಚರ್. ಅಂಕದಲ್ಲಿ ವ್ಯತ್ಯಾಸ ಬಂದರೆ ಅದು ಪಾಠಕ್ರಮದ್ದೋ ಟೀಚರದ್ದೋ ಹೇಳಲು ದಾರಿಯೇ ಇಲ್ಲ.

3. ಬೇರೆ ಯಾರೋ ಎಣಿಸಿಟ್ಟಿದ್ದಾರಾ ನೋಡಿ

ಬಾಗಿಲು ಬಾಗಿಲು ತಟ್ಟಿದರೆ ಮಾತ್ರ ಸಂಶೋಧನೆ ಅಂತೇನಿಲ್ಲ. ಪುಣೆಯ ಗೋಖಲೆ ಸಂಸ್ಥೆಯ ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಮಾಡಿದ ಬಡತನದ ಅಧ್ಯಯನ ಇಡೀ ದೇಶದಲ್ಲಿ ಚರ್ಚೆ ಎಬ್ಬಿಸಿತು. ಅವರು ಮುಖ್ಯವಾಗಿ ಬಳಸಿದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆ ಮೊದಲೇ ಕೂಡಿಟ್ಟಿದ್ದ ಖರ್ಚಿನ ಅಂಕಿಗಳನ್ನು. ದಿನಕ್ಕೆ 2250 ಕ್ಯಾಲೊರಿ ಸಿಗಲು ಎಷ್ಟು ಖರ್ಚು ಬೇಕು ಅಂತ ಪ್ರಶ್ನೆ ಹಾಕಿದ್ದೇ ಅವರ ಹೆಚ್ಚುಗಾರಿಕೆ.

ಮುಂಬಯಿಯಲ್ಲಿರುವವರಿಗೆ ದೇವನಾರವೇ ಹತ್ತಿರ. 1956ರಲ್ಲಿ ಶುರುವಾದ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅಲ್ಲೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸೋದು ಅವರೇ. 2019–21ರ ಐದನೇ ಸುತ್ತಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿದ್ದಾರೆ. ಜಿಲ್ಲಾವಾರು ವರದಿಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಗೋವಾದ ಜಿಲ್ಲೆಗಳದೂ ಇವೆ, ಪುಣೆಯದೂ ಇದೆ. ಉದ್ಯೋಗದ ವಿಷಯಕ್ಕೆ 2017ರಲ್ಲಿ ಶುರುವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ಇದೆ. ಸಮಯ ಕಡಿಮೆ ಇರುವವರು, ಫೀಲ್ಡಿಗೆ ಹೋಗಲು ಮನೆಯಲ್ಲಿ ಬಿಡದವರು ಈ ದಾರಿ ಹಿಡಿದರೆ 120 ಗೂಗಲ್ ಫಾರ್ಮಿಗಿಂತ ಎಷ್ಟೋ ಗಟ್ಟಿ ಕೆಲಸ ಆಗುತ್ತದೆ. ಗೈಡ್ ‘ಪ್ರೈಮರಿ ಡೇಟಾ ಬೇಕೇ ಬೇಕು’, ಅಂದರೆ ನೀವೇ ಕೇಳಿ ಕೂಡಿಸಬೇಕು ಅಂದರೆ ಮಾತ್ರ ಮುಂದೆ ಬರುವ ಫೀಲ್ಡಿನ ಹಂತಗಳು.

4. ಅಳತೆ: ಪ್ರತಿ ವಿಷಯಕ್ಕೂ ಬೇರೆ

ಮೊದಲು ‘ಕನ್ನಡಿಗ’ ಅಂದರೆ ಯಾರು ಅನ್ನೋದರಿಂದ ಶುರು ಮಾಡೋಣ, ಮಹಾರಾಷ್ಟ್ರ, ಗೋವಾದ ನಮ್ಮವರ ಅರ್ಧ ಪ್ರಾಜೆಕ್ಟುಗಳು ಅದರ ಮೇಲೇ ಇರುತ್ತವೆ ಅಲ್ವಾ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆ ಅಂದವರು ಸುಮಾರು 10 ಲಕ್ಷ. ಆದರೆ ತುಳು ಅಲ್ಲಿ ಬೇರೆ ಭಾಷೆ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಮಾತಾಡುವ ಕುಟುಂಬ ನಿಮ್ಮ ಅಧ್ಯಯನದಲ್ಲಿ ಒಳಗೋ ಹೊರಗೋ? ಮಂಗಳೂರಿನ ಕೊಂಕಣಿಗರು? ಪುಣೆಯಲ್ಲೇ ಹುಟ್ಟಿ ಬೆಳೆದ, ಕನ್ನಡ ಓದಲು ಬಾರದ ಮೂರನೇ ತಲೆಮಾರು? ಉತ್ತರ ಯಾವುದಾದರೂ ಇರಲಿ, ಒಂದು ಸಾಲಿನಲ್ಲಿ ಬರೆದಿಡಿ, ಕೊನೆಯವರೆಗೆ ಬದಲಿಸಬೇಡಿ. ಹೀಗೆ ಒಂದು ಸಂಗತಿಯನ್ನು ಅಳೆಯಲು ಬರುವ ಹಾಗೆ ಕಟ್ಟಿ ಹಾಕೋದಕ್ಕೆ ಕಾರ್ಯಾತ್ಮಕ ವ್ಯಾಖ್ಯೆ ಅನ್ನುತ್ತಾರೆ. ವೈವಾದಲ್ಲಿ ಮೊದಲ ಗುಂಡು ಬೀಳೋದು ಇಲ್ಲಿಗೇ.

ಕಾಮರ್ಸ್, ಅರ್ಥಶಾಸ್ತ್ರದವರಿಗೆ: ಆದಾಯವನ್ನು ನೇರವಾಗಿ ಕೇಳಬೇಡಿ. ಗಲ್ಲಾದಲ್ಲಿ ಕೂತ ಶೆಟ್ಟರು ‘ತಿಂಗಳಿಗೆ ಎಷ್ಟು ಸಿಗುತ್ತದೆ’ ಅಂದರೆ ನಗುತ್ತಾರೆ, ಇಲ್ಲವೇ ಇನ್‌ಕಂ ಟ್ಯಾಕ್ಸಿಗೆ ಹೇಳಿದ್ದನ್ನೇ ಹೇಳುತ್ತಾರೆ. ದಿನಕ್ಕೆ ಎಷ್ಟು ಲೀಟರ್ ಹಾಲು ತರಿಸುತ್ತೀರಿ, ಎಷ್ಟು ಜನ ಕೆಲಸಕ್ಕಿದ್ದಾರೆ, ಎಷ್ಟು ಟೇಬಲ್ ಇವೆ ಅಂತ ಕೇಳಿ. ವ್ಯಾಪಾರದ ಗಾತ್ರ ಅದರಿಂದ ಚೆನ್ನಾಗಿ ಗೊತ್ತಾಗುತ್ತದೆ, ಹೇಳಲು ಅವರಿಗೂ ಮುಜುಗರ ಇಲ್ಲ.

ನರ್ಸಿಂಗ್, ಆರೋಗ್ಯದವರಿಗೆ: ರಕ್ತದೊತ್ತಡವನ್ನು ಒಂದೇ ಸಲ ನೋಡಿ ಬರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸ್ಟೆಪ್ಸ್ ಸಮೀಕ್ಷೆಯಲ್ಲಿ ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು, ಉಳಿದ ಎರಡರ ಸರಾಸರಿ ತೆಗೆದುಕೊಳ್ಳುತ್ತಾರೆ. ಚಾಳಿನ ಮೂರು ಮಹಡಿ ಹತ್ತಿ ಬಂದವರನ್ನು ಕೂಡಲೇ ಅಳೆದರೆ ನೀವು ಅಳೆದದ್ದು ಮೆಟ್ಟಿಲನ್ನು.

ಶಿಕ್ಷಣದವರಿಗೆ: ಹೊಸ ಪರೀಕ್ಷೆ ಕಟ್ಟುವ ಮುಂಚೆ ಇರುವುದನ್ನು ಹುಡುಕಿ. ಮುಂಬಯಿಯಲ್ಲೇ ಹುಟ್ಟಿದ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಓದುವ ಪರೀಕ್ಷೆ ಕನ್ನಡದಲ್ಲೂ ಇದೆ. ಅಕ್ಷರ, ಪದ, ಚಿಕ್ಕ ಪ್ಯಾರಾ, ಕಥೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಮುನ್ಸಿಪಾಲಿಟಿಯ ಕನ್ನಡ ಶಾಲೆಯ ಮಕ್ಕಳಿಗೆ ಅದನ್ನೇ ಬಳಸಿದರೆ ನಿಮ್ಮ ಅಂಕಿಯನ್ನು ಬೇರೆಯವರ ಅಂಕಿಯ ಪಕ್ಕ ಇಟ್ಟು ನೋಡಬಹುದು. ಸ್ವಂತ ಪರೀಕ್ಷೆ ಮಾಡಿದರೆ ಆ ಅನುಕೂಲ ಇಲ್ಲ.

ಭಾಷೆ, ಸಾಹಿತ್ಯದವರಿಗೆ: ನಿಮಗೂ ಬರುತ್ತದೆ ಇದು, ಹೆದರಬೇಡಿ. ಪುಣೆಯ ಕನ್ನಡದಲ್ಲಿ ಮರಾಠಿ ಪದ ಎಷ್ಟು ಬೆರೆತಿದೆ ಅಂತ ನೋಡಬೇಕಾ? ಮಾತನ್ನು ರೆಕಾರ್ಡ್ ಮಾಡಿ, ಬರೆದಿಳಿಸಿ, ಪ್ರತಿ ಸಾವಿರ ಪದಕ್ಕೆ ಎಷ್ಟು ಅಂತ ಎಣಿಸಿ. ಒಂದೇ ಷರತ್ತು, ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ‘ಖೋಲಿ’ ಮರಾಠಿಯಾ, ಇಲ್ಲಾ ಉತ್ತರ ಕರ್ನಾಟಕದವರ ಮನೆಮಾತಾ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಬ್ಬರ ತೀರ್ಮಾನ ಎಷ್ಟು ಹೊಂದುತ್ತದೆ ಅಂತ ಅಳೆಯಲು ಕೋಹೆನ್‌ನ ಕಪ್ಪಾ ಅನ್ನುವ ಲೆಕ್ಕ ಇದೆ, 1960ರಿಂದ ಬಳಕೆಯಲ್ಲಿದೆ. ಜಮೋವಿಯಲ್ಲೂ ಸಿಗುತ್ತದೆ.

ಪರಿಸರ, ಭೂಗೋಳದವರಿಗೆ: ಎಲ್ಲಿ ಅಳೆದಿರಿ ಅನ್ನೋದು ಏನು ಅಳೆದಿರಿ ಅನ್ನೋದರಷ್ಟೇ ಮುಖ್ಯ. 2005ರ ಜುಲೈ 26ರ ಮಳೆ ನೆನಪಿದೆಯಲ್ವಾ? ಆ 24 ಗಂಟೆಯಲ್ಲಿ ಸಾಂತಾಕ್ರೂಜ್ ಕೇಂದ್ರದಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ 73. ಒಂದೇ ಊರು. ಎರಡನ್ನೂ ಸೇರಿಸಿ ಸರಾಸರಿ 509 ಅಂತ ಬರೆದರೆ ಅದು ಕೊಲಾಬಾದ ಕಥೆಯೂ ಅಲ್ಲ, ಸಾಂತಾಕ್ರೂಜಿನದೂ ಅಲ್ಲ. ಸರಾಸರಿ ಬರೆಯುವಾಗಲೆಲ್ಲ ಹರಡಿಕೆಯನ್ನೂ, ಅಂದರೆ ಅಂಕಿಗಳು ಎಷ್ಟು ದೂರ ದೂರ ಚೆದುರಿವೆ ಅನ್ನೋದನ್ನೂ ಬರೆಯಿರಿ ಅಂತ ಹೇಳೋದು ಇದಕ್ಕೇ.

5. ಸ್ಯಾಂಪಲ್: ಎಷ್ಟು ಜನ ಅನ್ನುವ ಮುಂಚೆ ಯಾವ ಜನ

ಇಡೀ ಊರನ್ನು ಕೇಳಲು ಆಗದಾಗ ಆರಿಸಿಕೊಳ್ಳುವ ಕೆಲವರೇ ಸ್ಯಾಂಪಲ್. ಎಲ್ಲರೂ ಕೇಳೋದು ‘ಎಷ್ಟು ಬೇಕು’ ಅಂತ. ಅದಕ್ಕಿಂತ ದೊಡ್ಡ ಪ್ರಶ್ನೆ ಯಾರನ್ನು ಅನ್ನೋದು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು ಒಂದು ಕೋಟಿ ಚೀಟಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ಉತ್ತರ ಬಂತು, ಅಧ್ಯಕ್ಷ ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸಗಳನ್ನು ತೆಗೆದಿದ್ದು ಟೆಲಿಫೋನ್ ಡೈರೆಕ್ಟರಿ, ಕಾರಿನ ನೋಂದಣಿಯಂಥ ಪಟ್ಟಿಗಳಿಂದ, ಅಂದರೆ ಆ ಕಾಲದ ಉಳ್ಳವರಿಂದ. ಉತ್ತರ ಬರೆದು ಕಳಿಸುವ ಉಮೇದು ಇದ್ದವರೂ ಒಂದೇ ಕಡೆಯವರು ಜಾಸ್ತಿ.

ನಿಮ್ಮ ವಾಟ್ಸಾಪ್ ಗ್ರೂಪು ಅಂಥದೇ ಪಟ್ಟಿ. ಸಂಘದ ಗ್ರೂಪಿಗೆ ಲಿಂಕ್ ಹಾಕಿದರೆ ಸಂಘಕ್ಕೆ ಬರುವವರ ಉತ್ತರ ಬರುತ್ತದೆ. ವಾಸ್ಕೋದ ಬೈನಾ ಅಥವಾ ಝುವಾರಿನಗರದಲ್ಲಿ ಕಟ್ಟಡ ಕೆಲಸ ಮಾಡುವ ಗದಗ, ಬಾಗಲಕೋಟೆಯ ಜನ ಅದರಲ್ಲಿ ಇರೋದಿಲ್ಲ. ಆಮೇಲೆ ‘ಗೋವಾ ಕನ್ನಡಿಗರ ಅಭಿಪ್ರಾಯ’ ಅಂತ ಶೀರ್ಷಿಕೆ ಕೊಟ್ಟರೆ ಅದು ಸುಳ್ಳು.

ಮಾಡಬೇಕಾದ್ದು ಹೀಗೆ. ಮೊದಲು ಒಂದು ಪಟ್ಟಿ ಹುಡುಕಿ, ಇಲ್ಲದಿದ್ದರೆ ಕಟ್ಟಿ. ಇದಕ್ಕೆ ಸ್ಯಾಂಪ್ಲಿಂಗ್ ಫ್ರೇಮ್ ಅನ್ನುತ್ತಾರೆ. ಮಾಟುಂಗಾ ಇರುವ ಎಫ್ ನಾರ್ತ್ ವಾರ್ಡಿನ ಬೀದಿಬೀದಿ ನಡೆದು ಹೋಟೆಲುಗಳ ಪಟ್ಟಿ ಮಾಡಿದಿರಿ, 400 ಸಿಕ್ಕವು ಅಂದುಕೊಳ್ಳಿ. ಈಗ ಎಷ್ಟು ಬೇಕು ಅನ್ನೋದಕ್ಕೆ ಯಮಾನೆಯ ಸೂತ್ರ ಸುಲಭ. ಒಟ್ಟು ಸಂಖ್ಯೆಯನ್ನು, ‘ಒಂದು ಕೂಡಿಸು ಒಟ್ಟು ಸಂಖ್ಯೆ ಗುಣಿಸು ತಪ್ಪಿನ ಅಂಚಿನ ವರ್ಗ’ದಿಂದ ಭಾಗಿಸಿ. ತಪ್ಪಿನ ಅಂಚು ಅಂದರೆ ನಿಮ್ಮ ಅಂದಾಜು ನಿಜಕ್ಕಿಂತ ಎಷ್ಟು ಆಚೀಚೆ ಇರಬಹುದು ಅನ್ನೋದು. ಅದು ಶೇ 5 ಆದರೆ ಅದರ ವರ್ಗ 0.0025. 400ನ್ನು 0.0025ರಿಂದ ಗುಣಿಸಿದರೆ 1, ಅದಕ್ಕೆ 1 ಕೂಡಿಸಿದರೆ 2, 400ನ್ನು 2ರಿಂದ ಭಾಗಿಸಿದರೆ 200. ಐದರಲ್ಲಿ ಒಬ್ಬರು ಉತ್ತರ ಕೊಡಲಿಕ್ಕಿಲ್ಲ ಅನಿಸಿದರೆ 200ನ್ನು 0.8ರಿಂದ ಭಾಗಿಸಿ, 250 ಹೋಟೆಲ್ ಆರಿಸಿಕೊಳ್ಳಿ. ಆರಿಸುವಾಗ ಚೀಟಿ ಎತ್ತಿದ ಹಾಗೆ ಎಕ್ಸೆಲ್‌ನ ರ‍್ಯಾಂಡಮ್ ಸಂಖ್ಯೆ ಬಳಸಿ, ಕಣ್ಣಿಗೆ ಸಿಕ್ಕಿದ್ದನ್ನು ಹಿಡಿಯಬೇಡಿ. ಮಾಲೀಕರು ಪರಿಚಯದವರು ಅಂತ ಒಳಗೆ ಸೇರಿಸಿಕೊಳ್ಳೋದೂ ಬೇಡ.

ಎಲ್ಲ ಪ್ರಾಜೆಕ್ಟಿನಲ್ಲೂ ಕಾಣುವ 384 ಎಲ್ಲಿಂದ ಬಂತು? ತುಂಬಾ ದೊಡ್ಡ ಜನಸಂಖ್ಯೆ, ಶೇ 95 ಭರವಸೆ (ನೂರು ಸಲ ಸ್ಯಾಂಪಲ್ ತೆಗೆದರೆ ಸುಮಾರು 95 ಸಲ ಅಂದಾಜು ಅಂಚಿನೊಳಗೆ ಬರುತ್ತದೆ ಅಂತ), ಶೇ 5 ತಪ್ಪಿನ ಅಂಚು, ಸಂಗತಿ ಅರ್ಧಕ್ಕರ್ಧ ಜನರಲ್ಲಿ ಇರಬಹುದು ಅನ್ನುವ ಊಹೆ, ಇಷ್ಟನ್ನು ಸೂತ್ರಕ್ಕೆ ಹಾಕಿದರೆ 384.16 ಬರುತ್ತದೆ. ತಪ್ಪಿನ ಅಂಚನ್ನು ಶೇ 10ಕ್ಕೆ ಬಿಟ್ಟರೆ 96 ಸಾಕು. ಒಂದು ಶೇಕಡಾವಾರು ಅಂದಾಜು ಮಾಡಲು ಮಾತ್ರ ಈ ಲೆಕ್ಕ. ಎರಡು ಗುಂಪನ್ನು ಹೋಲಿಸುವವರಿಗೆ ಬೇರೆ ಲೆಕ್ಕ ಇದೆ, ಜಿ-ಪವರ್ ಅನ್ನುವ ಉಚಿತ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ವ್ಯತ್ಯಾಸ ಮಧ್ಯಮ ಗಾತ್ರದ್ದು ಅಂತ ಹಿಡಿದರೆ ಟಿ-ಟೆಸ್ಟಿಗೆ ಪ್ರತಿ ಗುಂಪಿನಲ್ಲಿ 64 ಜನ ಬೇಕು. ಮೂವತ್ತು ಮೂವತ್ತು ಜನ ಇಟ್ಟುಕೊಂಡು ‘ವ್ಯತ್ಯಾಸ ಇಲ್ಲ’ ಅಂತ ಬರೆಯುವವರು ಇದನ್ನು ನೋಡಲಿ. ವ್ಯತ್ಯಾಸ ಇಲ್ಲದಿರಬಹುದು, ಅಥವಾ ಕಾಣುವಷ್ಟು ಜನ ಇಲ್ಲದಿರಬಹುದು.

ಪಟ್ಟಿಯೇ ಸಿಗದಿದ್ದರೆ? ಮನೆಗೆಲಸದವರ ಪಟ್ಟಿ ಎಲ್ಲಿಂದ ತರೋದು? ಆಗ ಒಬ್ಬರ ಮೂಲಕ ಇನ್ನೊಬ್ಬರನ್ನು ಹುಡುಕುವ ಸ್ನೋಬಾಲ್ ವಿಧಾನ ಸರಿ. ಅದನ್ನೇ ಮಾಡಿದ್ದೇನೆ ಅಂತ ಒಪ್ಪಿಕೊಂಡು ಬರೆಯಿರಿ, ‘ರ‍್ಯಾಂಡಮ್’ ಅನ್ನಬೇಡಿ. ಸಿಕ್ಕಸಿಕ್ಕವರನ್ನು ಕೇಳೋದು ರ‍್ಯಾಂಡಮ್ ಅಲ್ಲ.

6. ಹೋಲಿಕೆಗೆ ಇನ್ನೊಂದು ಗುಂಪು ಇದೆಯಾ?

‘ಒಂದು ತಿಂಗಳು ಯೋಗ ಹೇಳಿಕೊಟ್ಟೆ, ಒತ್ತಡ ಕಡಿಮೆಯಾಯಿತು.’ ಪರೀಕ್ಷೆ ಮುಗಿದಿದ್ದಕ್ಕೂ ಕಡಿಮೆಯಾಗಿರಬಹುದಲ್ವಾ? ಯೋಗ ಮಾಡದ, ಉಳಿದೆಲ್ಲದರಲ್ಲೂ ಇವರಂತೆಯೇ ಇರುವ ಒಂದು ಗುಂಪು ಇಲ್ಲದೆ ಇದಕ್ಕೆ ಉತ್ತರ ಇಲ್ಲ. ಯಾರು ಯಾವ ಗುಂಪಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರೆ ಇನ್ನೂ ಒಳ್ಳೆಯದು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯರೋಗ ಕೇಂದ್ರ ಹೀಗೇ ಮಾಡಿತು. ಕೆಲವು ರೋಗಿಗಳಿಗೆ ಸ್ಯಾನಟೋರಿಯಂ ಅನ್ನುವ ಕ್ಷಯದ ಆಸ್ಪತ್ರೆಯಲ್ಲಿ, ಕೆಲವರಿಗೆ ಮನೆಯಲ್ಲೇ ಔಷಧಿ. ಮನೆಯಲ್ಲಿ ಔಷಧಿ ತೆಗೆದುಕೊಂಡವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಲೋಕದ ಕ್ಷಯ ಚಿಕಿತ್ಸೆಯ ದಾರಿಯೇ ಬದಲಾಯಿತು. ಡಾಕ್ಟರು ತಾವೇ ‘ಇವರು ಗಟ್ಟಿಯಾಗಿದ್ದಾರೆ, ಮನೆಗೆ ಕಳಿಸೋಣ’ ಅಂತ ಆರಿಸಿದ್ದರೆ ಆ ಫಲಿತಾಂಶವನ್ನು ಯಾರೂ ನಂಬುತ್ತಿರಲಿಲ್ಲ.

7. ಪ್ರಶ್ನಾವಳಿ ಮತ್ತು ಪೈಲಟ್

ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಲಿ. ‘ಸಂಬಳ ಮತ್ತು ವಸತಿ ತೃಪ್ತಿಕರವಾಗಿದೆಯೇ?’ ಅಂದರೆ ಸಂಬಳ ಸರಿ, ವಸತಿ ಕೆಟ್ಟದ್ದು ಅನ್ನುವವನು ಏನು ಹೇಳಬೇಕು? ‘ಸಂತೃಪ್ತಿಯ ಪ್ರಮಾಣವನ್ನು ಸೂಚಿಸಿ’ ಅಂತ ಕಚೇರಿ ಕನ್ನಡ ಬೇಡ, ಕುಂದಾಪುರದ ಹುಡುಗನಿಗೂ ವಿಜಯಪುರದ ಅಜ್ಜಿಗೂ ಅರ್ಥವಾಗುವ ಹಾಗೆ ಬರೆಯಿರಿ. ಗಂಟೆ ಕೇಳುವಾಗ ‘ದಿನಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ’ ಅನ್ನೋದಕ್ಕಿಂತ ‘ನಿನ್ನೆ ಎಷ್ಟಕ್ಕೆ ಕೆಲಸ ಶುರು, ಮಧ್ಯಾಹ್ನ ಎಷ್ಟು ಹೊತ್ತು ಬಿಡುವು, ರಾತ್ರಿ ಎಷ್ಟಕ್ಕೆ ಮುಗೀತು’ ಅಂತ ಕೇಳಿ ನೀವೇ ಕೂಡಿಸಿ.

‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ವರೆಗಿನ ಐದು ಮೆಟ್ಟಿಲು ಲೈಕರ್ಟ್ ಅಳತೆ. ಎಲ್ಲ ವಾಕ್ಯಗಳನ್ನೂ ಒಂದೇ ದಿಕ್ಕಿನಲ್ಲಿ ಬರೆದರೆ ಜನ ಓದದೆ ಹೌದು ಹೌದು ಅನ್ನುತ್ತಾ ಹೋಗುತ್ತಾರೆ. ಕೆಲವನ್ನು ತಿರುಗಿಸಿ ಬರೆಯಿರಿ, ಅಂಕ ಹಾಕುವಾಗ ಅವುಗಳ ಅಂಕವನ್ನೂ ತಿರುಗಿಸಲು ಮರೆಯಬೇಡಿ. ಒಂದೇ ಭಾವನೆಯನ್ನು ಅಳೆಯಲು ಹಾಕಿದ ವಾಕ್ಯಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡಲು ಕ್ರಾನ್‌ಬಾಕ್ ಆಲ್ಫಾ ಇದೆ, 0.7 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ತಿರುಗಿಸಲು ಮರೆತರೆ ಆಲ್ಫಾ ಪಾತಾಳಕ್ಕೆ ಇಳಿಯುತ್ತದೆ. ‘ಆಲ್ಫಾ ಯಾಕೆ ಇಷ್ಟು ಕಡಿಮೆ’ ಅನ್ನುವವರು ಮೊದಲು ಇದನ್ನು ನೋಡಿ.

ಆಮೇಲೆ ಹತ್ತು ಹದಿನೈದು ಜನರ ಮೇಲೆ ಪ್ರಯೋಗ ಮಾಡಿ. ಇದೇ ಪೈಲಟ್. ಅವರನ್ನು ಮುಖ್ಯ ಲೆಕ್ಕಕ್ಕೆ ಸೇರಿಸಬೇಡಿ. ಬಂದ ಉತ್ತರಕ್ಕೆ ನಿಮ್ಮ ಟೆಸ್ಟನ್ನೂ ಹಾಕಿ ನೋಡಿ. ಹೌದು, ಈಗಲೇ. ಹಾಕಲು ಆಗದಿದ್ದರೆ ಪ್ರಶ್ನಾವಳಿಯಲ್ಲೇ ದೋಷ ಇದೆ, ಸರಿ ಮಾಡಲು ಇನ್ನೂ ಸಮಯ ಇದೆ.

8. ಅನುಮತಿ

ಆರೋಗ್ಯದ ವಿಷಯ ಆದರೆ ಸಂಶೋಧನೆಯಿಂದ ಯಾರಿಗೂ ತೊಂದರೆ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿಯ ಪತ್ರ ಕೈಗೆ ಬರುವ ತನಕ ಒಬ್ಬರನ್ನೂ ಕೇಳಬೇಡಿ. ಶಾಲೆಯಾದರೆ ಶಾಲೆಯ ಜೊತೆಗೆ ಪಾಲಕರ ಒಪ್ಪಿಗೆಯೂ ಬೇಕು. ಕಾರ್ಮಿಕರನ್ನು ಮಾಲೀಕರ ಎದುರು ಕೇಳಬೇಡಿ, ಎಲ್ಲರೂ ಖುಷಿಯಾಗಿದ್ದಾರೆ ಅಂತ ಬರುತ್ತದೆ. ಆಧಾರ್ ಸಂಖ್ಯೆ ಯಾವ ಪ್ರಾಜೆಕ್ಟಿಗೂ ಬೇಡ.

9. ಫೀಲ್ಡು

ಕಾಲ ನೋಡಿ ಹೊರಡಿ. ಮೇ ತಿಂಗಳಲ್ಲಿ ಮುಂಬಯಿಯ ಅರ್ಧ ತುಳುನಾಡಿನವರು ಊರಿಗೆ ಹೋಗಿರುತ್ತಾರೆ, ಚೌತಿಯ ಹೊತ್ತಿಗೂ ಅಷ್ಟೇ. ಜೂನಿನಲ್ಲಿ ಬಿತ್ತನೆಗೆ ಅಂತ ಉತ್ತರ ಕರ್ನಾಟಕದ ಕೂಲಿಗಳು ಪುಣೆ, ಗೋವಾ ಬಿಟ್ಟು ಹೊರಡುತ್ತಾರೆ. ಆಗ ಉಳಿದವರು ಊರಿನಲ್ಲಿ ಹೊಲ ಇಲ್ಲದವರು ಇರಬಹುದು, ಅವರ ಉತ್ತರವೇ ಬೇರೆ. ಹೋಟೆಲಿನವರನ್ನು ಮಧ್ಯಾಹ್ನ ಮೂರರಿಂದ ಐದರ ನಡುವೆ ಹಿಡಿಯಿರಿ. ಹೌಸಿಂಗ್ ಸೊಸೈಟಿಗಳಿಗೆ ಹೋಗುವ ಮುಂಚೆ ಕಾರ್ಯದರ್ಶಿಯ ಜೊತೆ ಮಾತಾಡಿ, ಇಲ್ಲದಿದ್ದರೆ ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸುತ್ತಾನೆ. ಮೊದಲ ಸಲ ಬಾಗಿಲು ಹಾಕಿದ್ದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ನುಗ್ಗಬೇಡಿ. ಬಾಗಿಲು ಹಾಕಿರೋದು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಅವರನ್ನು ಬಿಟ್ಟರೆ ನಿಮ್ಮ ಲೆಕ್ಕ ಒಂದು ಕಡೆ ವಾಲುತ್ತದೆ. ಸಂಜೆ ಅಥವಾ ಭಾನುವಾರ ಮತ್ತೆ ಹೋಗಿ.

ಮೊಬೈಲಿನಲ್ಲಿ ತುಂಬುವವರಿಗೆ ಕೋಬೋ ಟೂಲ್‌ಬಾಕ್ಸ್ ಒಳ್ಳೆಯದು. ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಪ್ರಶ್ನೆಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಹಾಕಬಹುದು.

10. ಡೇಟಾ ತೊಳೆಯೋದು

ಮೂಲ ಫೈಲನ್ನು ಮುಟ್ಟಬೇಡಿ, ಒಂದು ಪ್ರತಿ ಮಾಡಿ ಅದರಲ್ಲಿ ಕೆಲಸ ಮಾಡಿ. ವಯಸ್ಸು 230 ಅಂತ ಇದ್ದರೆ 23 ಇರಬಹುದು ಅಂತ ಊಹಿಸಿ ತಿದ್ದಬೇಡಿ, ಕಾಗದ ತೆಗೆದು ನೋಡಿ. ಉತ್ತರ ಇಲ್ಲದ ಜಾಗವನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸೊನ್ನೆ ಒಂದು ಉತ್ತರ. ಯಾವ ಕಾಲಂ ಏನು, 1 ಅಂದರೆ ಏನು, 2 ಅಂದರೆ ಏನು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಇದು ಕೋಡ್‌ಬುಕ್.

11. ಈಗ ಟೆಸ್ಟ್

ಎರಡೂ ವೇರಿಯೇಬಲ್ ಗುಂಪುಗಳಾಗಿದ್ದರೆ, ಗಂಡು ಹೆಣ್ಣು ಒಂದು ಕಡೆ, ಹೌದು ಇಲ್ಲ ಇನ್ನೊಂದು ಕಡೆ, ಕೈ-ಸ್ಕ್ವೇರ್. ಟೇಬಲಿನ ಯಾವುದಾದರೂ ಚೌಕದಲ್ಲಿ ನಿರೀಕ್ಷಿತ ಸಂಖ್ಯೆ, ಅಂದರೆ ಸಂಬಂಧವೇ ಇಲ್ಲದಿದ್ದರೆ ಬರಬೇಕಿದ್ದ ಸಂಖ್ಯೆ, ಐದಕ್ಕಿಂತ ಕಡಿಮೆ ಬಂದರೆ ಫಿಶರ್ ಎಕ್ಸಾಕ್ಟ್. ಎರಡು ಗುಂಪುಗಳ ಸರಾಸರಿ ಹೋಲಿಸಲು ಟಿ-ಟೆಸ್ಟ್, ಅದೇ ಜನರ ಮುಂಚಿನ ಮತ್ತು ಆಮೇಲಿನ ಅಂಕಕ್ಕೆ ಪೇರ್ಡ್ ಟಿ, ಮೂರು ಅಥವಾ ಜಾಸ್ತಿ ಗುಂಪಿಗೆ ಅನೋವಾ. ಅಂಕಿಗಳು ಒಂದು ಕಡೆಗೆ ತೀರಾ ಎಳೆದಂತಿದ್ದರೆ, ಆದಾಯದಲ್ಲಿ ಹೀಗೇ ಆಗೋದು, ಟಿ ಬದಲು ಮ್ಯಾನ್-ವಿಟ್ನಿ. ಎರಡೂ ಸಂಖ್ಯೆಯಾದರೆ, ಒಟ್ಟಿಗೆ ಏರಿಳಿಯುತ್ತವಾ ಅಂತ ನೋಡುವ ಕೋರಿಲೇಶನ್. ಹಲವು ಕಾರಣಗಳನ್ನು ಒಟ್ಟಿಗೆ ಇಟ್ಟು ನೋಡಲು ರಿಗ್ರೆಶನ್, ಫಲಿತಾಂಶ ಹೌದು-ಇಲ್ಲ ಆಗಿದ್ದರೆ ಲಾಜಿಸ್ಟಿಕ್ ರಿಗ್ರೆಶನ್. ಎಂ.ಎ., ಎಂ.ಕಾಂ. ಮಟ್ಟದ ಹೆಚ್ಚಿನ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಪಿ-ವ್ಯಾಲ್ಯೂ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ನಿಜವಾಗಿ ವ್ಯತ್ಯಾಸವೇ ಇಲ್ಲ ಅಂದುಕೊಂಡರೆ, ನಿಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು ಅನ್ನೋದೇ ಪಿ. ನಿಮ್ಮ ಊಹೆ ನಿಜ ಇರುವ ಸಂಭವ ಅಲ್ಲ ಅದು. ಪಿ ಚಿಕ್ಕದಾದರೆ ವ್ಯತ್ಯಾಸ ದೊಡ್ಡದು ಅಂತಲೂ ಅಲ್ಲ, ಹತ್ತು ಸಾವಿರ ಜನರನ್ನು ಕೇಳಿದರೆ ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಪಿ ಚಿಕ್ಕದಾಗಿ ಬರುತ್ತದೆ. ಹಾಗಾಗಿ ವ್ಯತ್ಯಾಸ ಎಷ್ಟು ಅನ್ನೋದನ್ನೂ ಬರೆಯಿರಿ.

ಇನ್ನು, ಎಲ್ಲವನ್ನೂ ಎಲ್ಲದರ ಜೊತೆ ಹಾಕಿ ನೋಡುವ ಚಾಳಿ. ಸಂಬಂಧವೇ ಇಲ್ಲದ 20 ಜೋಡಿಗಳನ್ನು 0.05ರ ಮಟ್ಟದಲ್ಲಿ, ಅಂದರೆ ಪಿ 0.05ಕ್ಕಿಂತ ಕಡಿಮೆ ಬಂದರೆ ಆಕಸ್ಮಿಕ ಅಲ್ಲ ಅಂತ ಹಿಡಿದು ಪರೀಕ್ಷಿಸಿದರೆ ಸರಾಸರಿ ಒಂದು ಸುಮ್ನೆ ‘ಸಿಗ್ನಿಫಿಕೆಂಟ್’ ಆಗಿ ಬಂದೇ ಬರುತ್ತದೆ. ಅದೊಂದನ್ನೇ ಎತ್ತಿ ಹಿಡಿದು ಉಳಿದ 19ನ್ನು ಮುಚ್ಚಿಡೋದು ಮೋಸ. ಒಂದನೇ ಹಂತದಲ್ಲಿ ಬರೆದ ಊಹೆಗಳನ್ನು ಮಾತ್ರ ಪರೀಕ್ಷಿಸಿ. ಬೇರೆ ಏನಾದರೂ ಕಣ್ಣಿಗೆ ಬಿದ್ದರೆ ‘ಇದು ಆಮೇಲೆ ಕಂಡದ್ದು, ಮತ್ತೆ ನೋಡಬೇಕು’ ಅಂತ ಬರೆಯಿರಿ.

12. ಬರೆಯೋದು, ಬೈಂಡಿಂಗಿಗೆ ಕೊಡೋದು

ಊಹೆ ತಪ್ಪಾಯಿತು ಅಂತ ಅಂಕಿ ತಿರುಚಬೇಡಿ. ತಪ್ಪಾದ ಊಹೆಗೆ ಅಂಕ ಕಡಿಮೆ ಕೊಡುವ ಗೈಡ್ ಸಿಕ್ಕರೆ ಅದು ಗೈಡಿನ ದೋಷ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಇಲ್ಲ ಅಂದರು, ಎಷ್ಟು ಫಾರ್ಮ್ ತೆಗೆದುಹಾಕಿದಿರಿ, ಯಾಕೆ ಅಂತ ಬರೆಯಿರಿ. ‘ಕಾರಣ’ ಅನ್ನುವ ಪದವನ್ನು ಹುಡುಕಿ ನೋಡಿ. ಒಂದೇ ಸಲ ಕೇಳಿ ಮಾಡಿದ ಸರ್ವೆಯಲ್ಲಿ ಹೆಚ್ಚೆಂದರೆ ‘ಸಂಬಂಧ ಕಂಡಿತು’ ಅನ್ನಬಹುದು. ಜಾಸ್ತಿ ನಿಲ್ಲುವವರಿಗೆ ಕಾಲುನೋವು ಹೆಚ್ಚು ಅಂತ ಬಂದರೂ, ನಿಲ್ಲುವ ಕೆಲಸಕ್ಕೆ ವಯಸ್ಸಾದವರನ್ನೇ ಹಾಕುತ್ತಿದ್ದಾರಾ ಅಂತ ಪರೀಕ್ಷಕರು ಕೇಳಿಯೇ ಕೇಳುತ್ತಾರೆ.

ಟೇಬಲ್ ಒಂದೊಂದನ್ನೂ ಕೂಡಿ ನೋಡಿ. ಟೇಬಲ್ 4.2ರಲ್ಲಿ 198 ಜನ, 4.3ರಲ್ಲಿ 200 ಜನ ಇದ್ದರೆ ಆ ಇಬ್ಬರು ಎಲ್ಲಿ ಹೋದರು ಅಂತ ಕೆಳಗೆ ಒಂದು ಸಾಲು ಇರಬೇಕು. ಶೇಕಡಾವಾರು ಕೂಡಿದರೆ 100 ಬರುತ್ತದಾ ನೋಡಿ. ಮೂಲ ಫಾರ್ಮುಗಳನ್ನು, ಕೋಡ್‌ಬುಕ್ಕನ್ನು, ಡೇಟಾ ಫೈಲನ್ನು ವೈವಾದ ದಿನ ಜೊತೆಗೆ ಒಯ್ಯಿರಿ. ಮತ್ತೆ ಬ್ಲ್ಯಾಕ್ ಬುಕ್ಕಿನ, ಅಂದರೆ ಪ್ರಾಜೆಕ್ಟ್ ವರದಿಯ ಬೈಂಡಿಂಗಿಗೆ ಕೊನೆಯ ದಿನ ಹೋಗಬೇಡಿ. ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಗಳಲ್ಲಿ ಆ ವಾರ ಕಾಲಿಡಲು ಜಾಗ ಇರೋದಿಲ್ಲ, ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಅಕ್ಷರವೆಲ್ಲ ಚೌಕ ಚೌಕವಾಗಿ ಬರುತ್ತದೆ. ಪಿಡಿಎಫ್ ಮಾಡಿಕೊಂಡೇ ಹೋಗಿ.